ಖಗೋಳ ಪ್ಲಾಸ್ಮಾದ ಅಸ್ಥಿರತೆಗಳು: ಪ್ರಯೋಗಾಲಯದ ಅಧ್ಯಯನ

ಪರಮಾಣುಗಳು ಇಲೆಕ್ಟ್ರಾನುಗಳನ್ನು ಕಳೆದುಕೊಂಡು ವಿದ್ಯುತ್ ಹರಿಯಲು ಎಡೆಗೊಡುವ ಅನಿಲಕ್ಕೆ ಪ್ಲಾಸ್ಮಾ ಎಂದು ಹೆಸರು. ಸೂರ್ಯ, ನಕ್ಷತ್ರಗಳು ಬಹುಮಟ್ಟಿಗೆ ಅದರಿಂದಲೇ ಆಗಿವೆ. ಅದರಲ್ಲಿ ಎದ್ದ ಸಣ್ಣ ಕದಲಿಕೆ ತಣ್ಣಗಾಗದೆ ತಾನಾಗಿ ಬಲಿಯುತ್ತ ಹೋದರೆ ಅದು ಅಸ್ಥಿರತೆ. ನಕ್ಷತ್ರವನ್ನು ಮೇಜಿನ ಮೇಲೆ ತರಲಾಗದು. ಅದರ ಅಸ್ಥಿರತೆಯನ್ನು, ಕೆಲವು ಷರತ್ತುಗಳೊಡನೆ, ತರಬಹುದು.

ಯಾದಗಿರಿ ಸೀಮೆಗೆ ಈ ವಿಷಯದ ನಂಟು ಪ್ರಯೋಗದಿಂದ ಬಂದದ್ದಲ್ಲ, ನೆರಳಿನಿಂದ ಬಂದದ್ದು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ಪಟ್ಟಿ ಜಮಖಂಡಿ, ವಿಜಯಪುರಗಳನ್ನು ದಾಟಿ, ಆಗ ನಿಜಾಮರ ಆಡಳಿತದಲ್ಲಿದ್ದ ಸುರಪುರ, ಶಹಾಪುರ, ಯಾದಗಿರಿಗಳ ಮೇಲೆ ಹಾದು ವನಪರ್ತಿ, ಗುಂಟೂರಿನತ್ತ ಸಾಗಿತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್ (ಖ್ಯಾತ ವಿಲಿಯಂ ಹರ್ಷೆಲ್‌ನ ಮೊಮ್ಮಗ), ವನಪರ್ತಿಯಲ್ಲಿ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ, ಗುಂಟೂರಿನಲ್ಲಿ ಜೂಲ್ಸ್ ಜಾನ್ಸೆನ್ ಉಪಕರಣ ಹೂಡಿದ್ದರು. ಸೂರ್ಯನ ಅಂಚಿನಿಂದ ಮೇಲೆದ್ದ ಕೆಂಪು ಚಾಚುಗಳ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದಾಗ ಪ್ರಕಾಶಮಾನ ಗೆರೆಗಳು ಕಂಡವು. ಚಾಚುಗಳು ಕಾದ ಅನಿಲವೆಂಬುದು ಅಂದು ಖಚಿತವಾಯಿತು.

ಆ ಅನಿಲ ಮೇಲಕ್ಕೆ ಚಿಮ್ಮುವುದೇಕೆ ಎಂಬ ಪ್ರಶ್ನೆ ಮಾತ್ರ ಉಳಿಯಿತು. 1870ರ ದಶಕದಲ್ಲಿ ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ ಸೂರ್ಯನ ಮೇಲ್ಮೈಗಿಂತ ಮೇಲಿನ ಪದರವಾದ ವರ್ಣಗೋಳದ ಅಂಚಿನಲ್ಲಿ ಸಣ್ಣ ಚಿಲುಮೆಗಳ ಸಾಲನ್ನು ಗುರುತಿಸಿದ. ಇವೇ ಇಂದಿನ ಸ್ಪಿಕ್ಯೂಲ್‌ಗಳು: ಗಾಳಿಗೆ ಬಾಗಿದ ಬಿಳಿಜೋಳದ ಹೊಲದಂತೆ ಸೂರ್ಯನ ಮೈಯೆಲ್ಲ ಹಬ್ಬಿದ, ಹಲವು ಸಾವಿರ ಕಿಲೋಮೀಟರ್ ಎತ್ತರದ, ಕೆಲವೇ ನಿಮಿಷ ಬಾಳುವ ಪ್ಲಾಸ್ಮಾ ಕಾರಂಜಿಗಳು.

ಈ ಪ್ರಶ್ನೆಗೆ ಕರ್ನಾಟಕದ ಉತ್ತರ ಬಣ್ಣದ ಡಬ್ಬಿಯಿಂದ ಹೊರಟಿತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಓ. ವಿ. ಎಸ್. ಎನ್. ಮೂರ್ತಿ, ಭಾರತೀಯ ಖಭೌತ ಸಂಸ್ಥೆಯ ಸಾಹೇಲ್ ದೇ, ಪಿಯಾಲಿ ಚಟರ್ಜಿ ಮತ್ತು ಸಂಗಡಿಗರು 2022ರಲ್ಲಿ 'ನೇಚರ್ ಫಿಸಿಕ್ಸ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಸ್ಪೀಕರಿನ ಮೇಲೆ ದ್ರವವಿಟ್ಟು ಜೋರಾಗಿ ಕಂಪಿಸಿದರೆ ಮೇಲ್ಮೈ ಅಲೆಯೇಳುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ವಿವರಿಸಿದ ಅಸ್ಥಿರತೆಯೇ ಇದು. ಕಂಪನ ಹೆಚ್ಚಿದಾಗ ಸಾದಾ ದ್ರವದ ಧಾರೆ ಹನಿಹನಿಯಾಗಿ ಒಡೆದುಹೋಗುತ್ತದೆ. ಬಣ್ಣದಲ್ಲಿ ಮತ್ತು ಪಾಲಿಮರ್ ದ್ರಾವಣದಲ್ಲಿ ಹಾಗಾಗದು: ಉದ್ದನೆಯ ಅಣುಸರಪಣಿಗಳು ಎಳೆದು ಹಿಡಿಯುವುದರಿಂದ ಧಾರೆ ಸೆಟೆದು ನಿಲ್ಲುತ್ತದೆ. ಸೂರ್ಯನಲ್ಲಿ ಈ ಕೆಲಸ ಕಾಂತಕ್ಷೇತ್ರದ್ದು. ಸ್ಪೀಕರಿನ ಕೆಲಸವನ್ನು ಕಣ್ಣಿಗೆ ಕಾಣುವ ಮೇಲ್ಮೈಯಾದ ದ್ಯುತಿಗೋಳದ ಕೆಳಗಿನ ಸಂವಹನ (ಕುದಿಯುವ ನೀರಿನಂಥ ಏರಿಳಿತ) ಮಾಡುತ್ತದೆ. ಅಲ್ಲಿಂದ ಬರುವ ಒದೆತಕ್ಕೆ, ದ್ಯುತಿಗೋಳಕ್ಕಿಂತ ನೂರಾರು ಪಟ್ಟು ಹಗುರವಾದ ವರ್ಣಗೋಳ ಚಿಮ್ಮುತ್ತದೆ. ದ್ರವ, ಗುರುತ್ವ, ಬಲವಾದ ಆವರ್ತಕ ಒದೆತ, ಒಂದು ದಿಕ್ಕಿಗೆ ಬಿಗಿಯುವ ಗುಣ – ಈ ನಾಲ್ಕಿದ್ದರೆ ಚಿಲುಮೆಗಳ ಕಾಡೇ ಏಳುತ್ತದೆ ಎಂಬುದು ತಂಡದ ನಿಲುವು. ಗಣಕಯಂತ್ರದಲ್ಲಿ ಸೌರ ಪ್ಲಾಸ್ಮಾವನ್ನು ಅನುಕರಿಸಿ ಅದನ್ನು ತಾಳೆ ನೋಡಲಾಯಿತು.

ಡಬ್ಬಿಯ ಬಣ್ಣ ಪ್ಲಾಸ್ಮಾ ಅಲ್ಲವಲ್ಲ ಎಂಬ ಆಕ್ಷೇಪ ಸಹಜ. ಆದರೆ ಇಂಥ ಪ್ರಯೋಗಗಳಲ್ಲಿ ಹೋಲಬೇಕಾದದ್ದು ವಸ್ತುವಲ್ಲ, ಬಲಗಳ ನಡುವಣ ಅನುಪಾತ. ಇನ್ನೊಂದು ಉದಾಹರಣೆ ನೋಡಿ: ಕಪ್ಪುಕುಳಿಯ ಸುತ್ತ ತಿರುಗುವ ತಟ್ಟೆಯಿಂದ ದ್ರವ್ಯ ಒಳಗೆ ಜಾರಬೇಕಾದರೆ ಅದರ ಕೋನೀಯ ಸಂವೇಗ ಹೊರಹೋಗಬೇಕು. ಅದಕ್ಕೆ ಕಾರಣವೆನ್ನಲಾದ ಕಾಂತ-ಭ್ರಮಣ ಅಸ್ಥಿರತೆಯ ಗಣಿತವನ್ನು 1959ರಲ್ಲಿ ವೆಲಿಖೋವ್, 1960ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬರೆದರು. ಖಗೋಳದಲ್ಲಿ ಅದರ ಮಹತ್ವ ತೋರಿದವರು 1991ರಲ್ಲಿ ಬಾಲ್ಬಸ್ ಮತ್ತು ಹಾಲಿ. ಪ್ರಿನ್ಸ್‌ಟನ್‌ನ ತಂಡ ಅದನ್ನು 2022ರಲ್ಲಿ ಕಂಡದ್ದು ಎರಡು ಉರುಳೆಗಳ ನಡುವೆ ತಿರುಗಿಸಿದ ಗ್ಯಾಲಿಯಂ ಮಿಶ್ರಲೋಹದಲ್ಲಿ. ಅದೂ ದ್ರವಲೋಹವೇ, ಪ್ಲಾಸ್ಮಾ ಅಲ್ಲ.

ನಿಜವಾದ ಪ್ಲಾಸ್ಮಾದಲ್ಲಿ ನಡೆದ ಕೆಲಸಕ್ಕೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಹೆಸರಿಸಬೇಕು. ಅಲ್ಲಿನ ಜಿ. ರವೀಂದ್ರ ಕುಮಾರ್ ತಂಡ ಘನವಸ್ತುವಿನ ಮೇಲೆ ಅತಿ ಕಿರು ಅವಧಿಯ ತೀವ್ರ ಲೇಸರ್ ಮಿಡಿತ ಹಾಯಿಸಿ, ಎದುರುಬದುರಾಗಿ ಹರಿಯುವ ಇಲೆಕ್ಟ್ರಾನ್ ಪ್ರವಾಹಗಳು ಎಳೆಎಳೆಯಾಗಿ ಒಡೆದು ಪ್ರಕ್ಷುಬ್ಧ ಕಾಂತಕ್ಷೇತ್ರ ಹುಟ್ಟಿಸುವುದನ್ನು ಅಳೆದು, 2012 ಮತ್ತು 2017ರಲ್ಲಿ ಪ್ರಕಟಿಸಿತು.

ಬೆಂಗಳೂರಿನ ಪ್ರಯೋಗಕ್ಕೆ ಸ್ಪಷ್ಟ ಮಿತಿಯೊಂದಿದೆ. ಚಿಲುಮೆಯ ಆಕಾರ, ಚಲನೆಗಳನ್ನು ಅದು ವಿವರಿಸುತ್ತದೆ, ಶಾಖವನ್ನಲ್ಲ. ಮೇಲ್ಮೈಗಿಂತ ಸೂರ್ಯನ ಹೊರ ವಾತಾವರಣವಾದ ಸೌರಕಿರೀಟ ನೂರಾರು ಪಟ್ಟು ಬಿಸಿಯಾಗಿರಲು ಸ್ಪಿಕ್ಯೂಲ್‌ಗಳ ಪಾಲೆಷ್ಟು ಎಂಬುದು ಬೇರೆಯೇ ಚರ್ಚೆ. 2024ರ ಜನವರಿ 6ರಿಂದ ಮೊದಲ ಲಗ್ರಾಂಜ್ ಬಿಂದುವಿನ ಸುತ್ತ ಇರುವ ಆದಿತ್ಯ-ಎಲ್1 ನೌಕೆಯ ಕಿರೀಟದರ್ಶಕವನ್ನು ಅದೇ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಜೋಡಿಸಿದ್ದು, ಕಿರೀಟದ ಅಧ್ಯಯನ ಈಗ ಆ ದರ್ಶಕದ ಹೊಣೆ.