ಡೆಸೊಲೇಷನ್ ಶಿಖರ: ಒಂದು ಏಕಾಂತ, ಎರಡು ಸಾಕ್ಷ್ಯಗಳು

ಘಟನೆಯೊಂದರ ನೆನಪು ಶಾಸನದಲ್ಲಷ್ಟೇ ಅಲ್ಲ, ಸ್ಥಳನಾಮದಲ್ಲಿಯೂ ಉಳಿಯುವುದುಂಟು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಉತ್ತರ ಕ್ಯಾಸ್ಕೇಡ್ ಪರ್ವತಶ್ರೇಣಿಯಲ್ಲಿ, ಕೆನಡಾದ ಗಡಿಗೆ ಸಮೀಪವಾಗಿ 6,102 ಅಡಿ ಎತ್ತರದ ಡೆಸೊಲೇಷನ್ ಶಿಖರವಿದೆ. 1926ರ ಕಾಳ್ಗಿಚ್ಚು ಇದರ ಇಳಿಜಾರುಗಳನ್ನು ಬರಿದುಮಾಡಿತು. ‘ಹಾಳುಬಿದ್ದ ನೆಲ’ ಎಂಬ ಅರ್ಥದ ಹೆಸರು ಅಂದಿನಿಂದ ಬಂದುದು.

ಇದಕ್ಕೂ ಮೊದಲು, 1910ರ ಮಹಾಕಾಳ್ಗಿಚ್ಚು ಐಡಾಹೊ, ಮೊಂಟಾನಾ, ವಾಷಿಂಗ್ಟನ್ ಪ್ರದೇಶಗಳಲ್ಲಿ ಸುಮಾರು 30 ಲಕ್ಷ ಎಕರೆ ಅರಣ್ಯವನ್ನು ನುಂಗಿತ್ತು. ಹೊಗೆಯನ್ನು ಮೊದಲಲ್ಲೇ ಗುರುತಿಸಿ ಬೆಂಕಿಯನ್ನು ಆರಿಸುವುದು ಅರಣ್ಯ ಇಲಾಖೆಯ ಧ್ಯೇಯವಾಯಿತು. ಶಿಖರಗಳ ಮೇಲೆ ಕಾವಲುಮನೆಗಳು ಎದ್ದವು. ಡೆಸೊಲೇಷನ್ನಿನ ಮನೆ 1930ರ ದಶಕದ ಆರಂಭದ್ದು: ಒಂದೇ ಕೋಣೆ, ನಾಲ್ಕೂ ದಿಕ್ಕಿಗೆ ಕಿಟಕಿಗಳು, ಹೊಗೆಯ ದಿಕ್ಕನ್ನು ನಿರ್ಣಯಿಸುವ ಆಸ್‌ಬೋರ್ನ್ ಉಪಕರಣ.

1956ರ ಬೇಸಿಗೆಯಲ್ಲಿ ಲೇಖಕ ಜ್ಯಾಕ್ ಕೆರೊವಾಕ್ ಇಲ್ಲಿ 63 ದಿನ ಕಾವಲಿದ್ದ. ಸಮೀಪದ ಕ್ರೇಟರ್ ಮತ್ತು ಸೋರ್‌ಡೋ ಶಿಖರಗಳಲ್ಲಿ 1952 ಹಾಗೂ 1953ರಲ್ಲಿ ಇದೇ ಕೆಲಸ ಮಾಡಿದ್ದ ಕವಿ ಗ್ಯಾರಿ ಸ್ನೈಡರ್ ಅವನಿಗೆ ಪ್ರೇರಣೆ. ಈ ಏಕಾಂತವನ್ನು ಕೆರೊವಾಕ್ ಎರಡು ಕಾದಂಬರಿಗಳಲ್ಲಿ ಚಿತ್ರಿಸಿದ್ದಾನೆ. ‘ದ ಧರ್ಮ ಬಮ್ಸ್’ ಶಿಖರಕ್ಕೆ ಕೃತಜ್ಞತೆ ಸಲ್ಲಿಸುತ್ತ ಮುಗಿಯುತ್ತದೆ. ‘ಡೆಸೊಲೇಷನ್ ಏಂಜಲ್ಸ್’ನಲ್ಲಿಯಾದರೋ ಬೇಸರವೂ ಊರಿನ ಹಂಬಲವೂ ಎದ್ದುಕಾಣುತ್ತವೆ; ದೈವದರ್ಶನವನ್ನು ಬಯಸಿ ಬಂದವನಿಗೆ ಎದುರಾದದ್ದು ಅವನದೇ ಮನಸ್ಸು.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿ ಎಚ್ಚರ ವಹಿಸಬೇಕು. ಮೊದಲನೆಯದು 1958ರಲ್ಲಿ, ಎರಡನೆಯದು 1965ರಲ್ಲಿ ಪ್ರಕಟವಾದವು. ಆದುದರಿಂದ ಎರಡನೆಯದನ್ನು ಕಾಲಾನಂತರದ ಭ್ರಮನಿರಸನವೆಂದು ಓದುವುದು ಸುಲಭ. ಆದರೆ ಅದರ ಶಿಖರಭಾಗವನ್ನು ಲೇಖಕ 1956ರಲ್ಲಿಯೇ, ಬೆಟ್ಟವಿಳಿದ ಕೆಲವೇ ವಾರಗಳಲ್ಲಿ ಬರೆದು ಮುಗಿಸಿದ್ದ. ‘ದ ಧರ್ಮ ಬಮ್ಸ್’ ರಚನೆಯಾದದ್ದು ಮರುವರ್ಷ. ಅಂದರೆ ಬೇಸರದ ಸಾಕ್ಷ್ಯವೇ ಅನುಭವಕ್ಕೆ ಹತ್ತಿರದ್ದು. ಧನ್ಯತೆ ನೆನಪು ಪಕ್ವಗೊಳಿಸಿದ ಫಲ. ಹಾಗೆಂದು ಧನ್ಯತೆಯನ್ನು ಸುಳ್ಳೆನ್ನಲಾಗದು. ಅನುಭವಕ್ಕೆ ಸ್ಮೃತಿ ಕೊಟ್ಟ ಅರ್ಥವೂ ಇತಿಹಾಸದ ಭಾಗವೇ. ಆದರೆ ಪ್ರಕಟಣೆಯ ಕ್ರಮವನ್ನು ರಚನೆಯ ಕ್ರಮವೆಂದು ಭಾವಿಸಿದರೆ ಲೇಖಕನ ಮನೋವಿಕಾಸವೇ ತಲೆಕೆಳಗಾಗುತ್ತದೆ.

ಕಾವಲುಮನೆ ಇಂದಿಗೂ ನಿಂತಿದೆ. ರಾಸ್ ಸರೋವರದ ದಂಡೆಯಿಂದ ಹೊರಡುವ ಕಾಲುದಾರಿ ಕಾಡಿನ ನಡುವೆ ಸುಮಾರು 4,400 ಅಡಿ ಏರಿ ಅಲ್ಲಿಗೆ ಮುಟ್ಟುತ್ತದೆ. ಒಮ್ಮೆ ಸುಟ್ಟ ಇಳಿಜಾರುಗಳಲ್ಲಿ ಮತ್ತೆ ಮರಗಳು ಬೆಳೆದಿವೆ. ಹೆಸರು ಮಾತ್ರ 1926ರದೇ.