ತಾಂಬೂರ್ ಕಸೂತಿ: ವೃತ್ತಿ ಮತ್ತು ವಿನೋದ

ವಿರಾಮಕಾಲದಲ್ಲಿ ಕಸೂತಿಯನ್ನು ಕಲಿಯುವುದು ಚರಿತ್ರೆಯ ವಿಷಯವಾಗಬಲ್ಲುದೆ ಎಂದು ಕೆಲವರು ಶಂಕಿಸಬಹುದು. ಆದರೆ ಸಣ್ಣದೊಂದು ಕೊಕ್ಕೆಸೂಜಿಯು ಕಚ್ಛದಿಂದ ಪ್ಯಾರಿಸ್ಸಿನವರೆಗೆ ಸಾಗಿದ ಮಾರ್ಗವನ್ನು ಅನುಸರಿಸಿದರೆ, ಒಂದೇ ವಿದ್ಯೆಯು ಒಬ್ಬರಿಗೆ ಜೀವನೋಪಾಯವೂ ಮತ್ತೊಬ್ಬರಿಗೆ ವಿನೋದವೂ ಆದ ಬಗೆ ತಿಳಿಯುತ್ತದೆ. ಅವರಿಬ್ಬರಲ್ಲಿ ಯಾರ ಹೆಸರು ಉಳಿಯಿತೆಂಬುದೂ ವಿದಿತವಾಗುತ್ತದೆ.

ತಾಂಬೂರ್ ಎಂಬುದು ಫ್ರೆಂಚ್ ಶಬ್ದ. ಡೋಲು ಎಂದು ಅದರ ಅರ್ಥ. ದುಂಡಾದ ಮರದ ಬಳೆಗೆ ಬಟ್ಟೆಯನ್ನು ಡೋಲಿನ ಚರ್ಮದಂತೆ ಬಿಗಿದು ಕೆಲಸಮಾಡುತ್ತಿದ್ದುದರಿಂದ ಈ ಹೆಸರು ಬಂದಿತು. ಒಂದು ಕೈ ಬಟ್ಟೆಯ ಕೆಳಗೆ ದಾರವನ್ನು ಹಿಡಿದಿರುತ್ತದೆ. ಇನ್ನೊಂದು ಕೈ ಮೇಲಿನಿಂದ ಕೊಕ್ಕೆಯನ್ನು ಚುಚ್ಚಿ, ದಾರದ ಕುಣಿಕೆಯನ್ನು ಮೇಲೆಳೆದು, ಹಿಂದಿನ ಕುಣಿಕೆಯೊಳಗೆ ತೂರಿಸುತ್ತದೆ. ಹೀಗೆ ಸರಪಣಿ ಹೊಲಿಗೆ ಬೆಳೆಯುತ್ತದೆ.

ಗುಜರಾತಿನಲ್ಲಿ ಇದಕ್ಕೆ ಆರಿ ಕೆಲಸವೆಂದು ಹೆಸರು. ಚರ್ಮವನ್ನು ತೂತುಮಾಡುವ ಉಪಕರಣಕ್ಕೆ ಸಂಸ್ಕೃತದಲ್ಲಿ ‘ಆರಾ’ ಎನ್ನುವುದನ್ನು ಇಲ್ಲಿ ಸ್ಮರಿಸಬಹುದು. ಪಾದರಕ್ಷೆಗಳನ್ನು ಹೊಲಿಯುತ್ತಿದ್ದ ಮೋಚಿ ಸಮುದಾಯದವರೇ ಆ ಉಪಕರಣವನ್ನು ಸೂಕ್ಷ್ಮಗೊಳಿಸಿ ರೇಷ್ಮೆಯ ಹೂಬಳ್ಳಿಗಳನ್ನು ಬಿಡಿಸಿದರು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕೆಲಸದ ಪರದೆಗಳು ಇಂಗ್ಲೆಂಡಿನ ಶ್ರೀಮಂತರ ಮನೆಗಳನ್ನು ಸೇರಿದವು. ಅವುಗಳಲ್ಲಿ ಕೆಲವು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಮಾಡಿದವರ ಹೆಸರು ಮಾತ್ರ ಅವುಗಳ ಮೇಲಿಲ್ಲ.

ಪೂರ್ವದೇಶಗಳಿಂದಲೇ ಈ ವಿಧಾನವು ಯೂರೋಪಿಗೆ ಹೋಯಿತೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಅಭಿಪ್ರಾಯ. 18ನೆಯ ಶತಮಾನದ ಮಧ್ಯಭಾಗದಲ್ಲಿ ಅದು ಫ್ರಾನ್ಸಿನ ಕುಲೀನ ಸ್ತ್ರೀಯರ ಪ್ರಿಯವಾದ ಹವ್ಯಾಸವಾಯಿತು. ದೊರೆ 15ನೆಯ ಲೂಯಿಯ ಪ್ರೇಯಸಿಯಾಗಿದ್ದ ಮದಾಂ ದ ಪಾಂಪದೂರ್ ತಾಂಬೂರಿನ ಮುಂದೆ ಕುಳಿತಿರುವಂತೆ ದ್ರುಯೆ 1763-64ರಲ್ಲಿ ರಚಿಸಿದ ಚಿತ್ರ ಪ್ರಸಿದ್ಧವಾದುದು. ಸೇಂಟ್ ಓಬಿನ್ 1770ರಲ್ಲಿ ಪ್ರಕಟಿಸಿದ ಕಸೂತಿಗಾರನ ಕಲೆಯನ್ನು ಕುರಿತ ಗ್ರಂಥದಲ್ಲಿ ಈ ವಿಧಾನದ ವಿವರಣೆಯಿದೆ.

ಅರಮನೆಯ ವಿನೋದವು ಬಹುಬೇಗ ಬಡವರ ದುಡಿಮೆಯಾಗಿಯೂ ಪರಿಣಮಿಸಿತು. 1782ರಲ್ಲಿ ಲೂಯಿಜಿ ರುಫಿನಿ ಎಂಬ ಇಟಲಿಯವನು ಎಡಿನ್‌ಬರೋದಲ್ಲಿ ಕಾರ್ಯಾಗಾರವನ್ನು ತೆರೆದು ಹುಡುಗಿಯರಿಗೆ ಈ ಕೆಲಸವನ್ನು ಕಲಿಸಿದನು. 1830ರಲ್ಲಿ ಥಿಮೋನಿಯೆ ಎಂಬ ಫ್ರೆಂಚ್ ದರ್ಜಿಯು ಪೇಟೆಂಟ್ ಪಡೆದ ಹೊಲಿಗೆಯಂತ್ರವು ಇದೇ ಕೊಕ್ಕೆಯ ಚಲನೆಯನ್ನು ಅನುಕರಿಸಿ ಸರಪಣಿ ಹೊಲಿಗೆ ಹಾಕುತ್ತಿತ್ತು. ಉದ್ಯೋಗ ಹೋದೀತೆಂದು ಭೀತರಾದ ದರ್ಜಿಗಳು 1831ರಲ್ಲಿ ಪ್ಯಾರಿಸ್ಸಿನಲ್ಲಿ ಅವನ ಯಂತ್ರಗಳನ್ನು ಒಡೆದುಹಾಕಿದರು.

ಆ ಶತಮಾನದ ದ್ವಿತೀಯಾರ್ಧದಲ್ಲಿ ಲೊರೇನ್ ಪ್ರಾಂತದ ಲ್ಯೂನೆವಿಲ್ ಎಂಬ ಊರು ಮಣಿಕೆಲಸಕ್ಕೆ ಹೆಸರಾಯಿತು. ಅಲ್ಲಿಯ ಕ್ರಮದಲ್ಲಿ ಮಣಿ, ಚಮಕಿಗಳನ್ನು ಮೊದಲೇ ದಾರಕ್ಕೆ ಪೋಣಿಸಿರುತ್ತಾರೆ. ಅವು ಬಟ್ಟೆಯ ಕೆಳಗಿದ್ದು, ಹೊಲಿಗೆಗೊಂದರಂತೆ ಸ್ಥಿರವಾಗುತ್ತವೆ. ಕೆಲಸಮಾಡುವವಳಿಗೆ ಕಾಣುವುದು ಹಿಂಬದಿ ಮಾತ್ರ. ಮುಂಬದಿಯ ಸೊಬಗು ಮುಂದೆ ತೊಡುವವರದು. ಯಂತ್ರವು ಬಂದಮೇಲೂ ಪ್ಯಾರಿಸ್ಸಿನ ಉಡುಪುಗಾರರು ಈ ಕೈಕೆಲಸವನ್ನು ಕೈಬಿಡಲಿಲ್ಲ. 1924ರಲ್ಲಿ ಆರಂಭವಾದ ಲೆಸಾಜ್ ಸಂಸ್ಥೆಯು 1992ರಲ್ಲಿ ಶಾಲೆಯೊಂದನ್ನು ತೆರೆಯಿತು. ವೃತ್ತಿಯವರಲ್ಲದೆ ಹವ್ಯಾಸಿಗಳೂ ಅಲ್ಲಿ ಕಲಿಯತೊಡಗಿದರು.

ನಮ್ಮ ನಾಡಿಗೂ ಈ ವಿಷಯ ದೂರವಲ್ಲ. ಎಳೆಗಳನ್ನು ಎಣಿಸಿ ಸಾಮಾನ್ಯ ಸೂಜಿಯಿಂದ ಹಾಕುವ ಧಾರವಾಡದ ಕಸೂತಿ ಬೇರೆಯದು. ಆದರೆ ಬೆಂಗಳೂರಿನ ಗೃಹಿಣಿಯರು ರವಿಕೆಗಳಿಗಾಗಿ ಕಲಿಯುವ ‘ಆರಿ ವರ್ಕ್’ ಮೋಚಿಗಳ ಕೊಕ್ಕೆಯದೇ ಸಂತತಿ. ಇಲ್ಲಿ ಮಣಿಯನ್ನು ಬಟ್ಟೆಯ ಮೇಲ್ಬದಿಯಲ್ಲಿಯೇ ಕೊಕ್ಕೆಗೆ ಏರಿಸಿ ಕೂಡಿಸುತ್ತಾರೆ. ದಾರ ಮಾತ್ರ ಕೆಳಗಿರುತ್ತದೆ.

ಹವ್ಯಾಸವನ್ನು ಲಘುವಾಗಿ ಕಾಣುವುದು ಉಚಿತವಲ್ಲವೆಂದು ನಾವು ಭಾವಿಸುತ್ತೇವೆ. ಕೊಕ್ಕೆಯನ್ನು ಚುಚ್ಚಿದಷ್ಟೇ ಸುಲಭವಾಗಿ ಅದು ಹೊರಬರುವುದಿಲ್ಲವೆಂಬುದನ್ನೂ, ದಾರದ ಕೊನೆಯನ್ನು ಭದ್ರಪಡಿಸದಿದ್ದರೆ ಸಾಲೆಲ್ಲ ಬಿಚ್ಚಿಹೋಗುವುದೆಂಬುದನ್ನೂ ಮೊದಲ ದಿನವೇ ಅನುಭವಿಸಿದವರು, ಒಂದು ಪರದೆಯ ಹಿಂದಿರುವ ಶ್ರಮವನ್ನು ಗ್ರಂಥವನ್ನಷ್ಟೇ ಓದಿದವರಿಗಿಂತ ಚೆನ್ನಾಗಿ ಅಳೆಯಬಲ್ಲರು. ಚಿತ್ರದಲ್ಲಿ ಕುಳಿತವಳ ಹೆಸರು ಉಳಿದಿದೆ. ಪರದೆಯನ್ನು ಹೊಲಿದವನದು ಅಳಿದಿದೆ. ಆ ಹೆಸರನ್ನು ನಾವು ಮರಳಿ ತರಲಾರೆವು. ಆದರೆ ಆ ಕೈಯ ಕೆಲಸವನ್ನು ಬಟ್ಟೆಯಲ್ಲಿಯೇ ಓದಬಹುದು. ಹೊಲಿಗೆಯ ಹಿಂಬದಿಯನ್ನೂ ತಿರುಗಿಸಿ ನೋಡುವ ಅಭ್ಯಾಸವು ಇತಿಹಾಸದ ವಿದ್ಯಾರ್ಥಿಗಳಿಗೆ ಅವಶ್ಯವಾದುದು.