ಕಾವೇರಿ ಒಪ್ಪಂದಗಳಲ್ಲಿ ವರದಿಯ ವ್ಯಾಖ್ಯೆ

ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವಣ 1892 ಹಾಗೂ 1924ರ ಕಾವೇರಿ ಒಪ್ಪಂದಗಳನ್ನು ನೀರಿನ ಹಂಚಿಕೆಯ ದೃಷ್ಟಿಯಿಂದ ಓದುವುದೇ ವಾಡಿಕೆ. ಒಂದು ಸರ್ಕಾರವು ಇನ್ನೊಂದಕ್ಕೆ ಯಾವ ಬಗೆಯ ವರದಿಯನ್ನು, ಯಾವ ಅವಧಿಗೆ ಒಪ್ಪಿಸತಕ್ಕದ್ದು ಎಂಬ ಪ್ರಶ್ನೆಯನ್ನಿಟ್ಟುಕೊಂಡು ನಾವು ಅವುಗಳನ್ನು ಇಲ್ಲಿ ಪರಿಶೀಲಿಸಿದ್ದೇವೆ.

1892ರ ಒಪ್ಪಂದವು ‘ಹೊಸ ನೀರಾವರಿ ಜಲಾಶಯ’ ಎಂಬುದನ್ನು ಬಹು ಎಚ್ಚರದಿಂದ ನಿರೂಪಿಸುತ್ತದೆ: ಹಿಂದೆ ಇಲ್ಲದಿದ್ದುದು, ಅಥವಾ ಇದ್ದೂ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬಳಕೆ ತಪ್ಪಿದ್ದುದು. ಅಂತಹ ಕಾಮಗಾರಿಯನ್ನು ಕೈಗೊಳ್ಳುವ ಮುನ್ನ ಮೈಸೂರು ಪೂರ್ಣ ಮಾಹಿತಿಯನ್ನು ಮದರಾಸಿಗೆ ಕಳುಹಿಸಿ ಸಮ್ಮತಿ ಪಡೆಯಬೇಕು. ಆದರೆ ‘ಪೂರ್ಣ’ ಎಂದರೆ ಎಷ್ಟು? ಕೆರೆಗೆ ದೊರೆತ ವ್ಯಾಖ್ಯೆ ಮಾಹಿತಿಗೆ ದೊರೆಯಲಿಲ್ಲ.

ಕನ್ನಂಬಾಡಿ ಅಣೆಕಟ್ಟೆಯ ಪ್ರಸಂಗದಲ್ಲಿ ಈ ಕೊರತೆ ಬಯಲಾಯಿತೆಂದು ನಮ್ಮ ಅಭಿಪ್ರಾಯ. 41.5 ಟಿ.ಎಂ.ಸಿ. ಸಂಗ್ರಹದ ಯೋಜನೆಗೆ ಮದರಾಸು ಒಪ್ಪದಿದ್ದಾಗ ಮೈಸೂರು ಅದನ್ನು 11ಕ್ಕೆ ಇಳಿಸಿತು; ಅಸ್ತಿಭಾರವನ್ನು ಮಾತ್ರ ಮೊದಲಿನ ಅಳತೆಗೇ ಹಾಕಿತು. ಕಾಗದದ ಮೇಲಿನ ಯೋಜನೆ ಒಂದು, ನೆಲದೊಳಗಿನದು ಇನ್ನೊಂದು. 1914ರ ಗ್ರಿಫಿನ್ ಪಂಚಾಯ್ತಿ ತೀರ್ಪು ಮೈಸೂರಿಗೆ ಅನುಕೂಲವಾಗಿದ್ದರೂ ಅದು ಉಳಿಯಲಿಲ್ಲ. ವಿವಾದಕ್ಕೆ ಇದೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ.

1924ರ ಒಪ್ಪಂದಕ್ಕೆ ಈ ಅನುಭವದ ಅರಿವಿದ್ದಂತಿದೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳಿಂದ ಹೊರಡುವ ಹಳೆಯ ನಾಲೆಗಳ ಅಣೆ, ತೂಬುಗಳ ಅಳತೆ ಸಹಿತ ನಕ್ಷೆಗಳನ್ನು ಮೈಸೂರು ಎರಡು ವರ್ಷಗಳೊಳಗೆ ಒದಗಿಸಬೇಕು. 1910ರ ಅನಂತರದ ಮಾರ್ಪಾಡುಗಳನ್ನು ಅವುಗಳಲ್ಲಿ ಬೇರೆ ಬಣ್ಣದಿಂದ ತೋರಿಸಬೇಕು. ನಮ್ಮ ದಾನಶಾಸನಗಳು ಚತುಸ್ಸೀಮೆಯನ್ನು ಕಲ್ಲು, ಹುತ್ತ, ಮರಗಳಿಂದ ಗುರುತಿಸುತ್ತವೆ. ಇಲ್ಲಿ ಸೀಮೆ ಕಾಲದ್ದು. ಅದನ್ನು ಗುರುತಿಸುವುದು ನಕ್ಷೆಯ ಬಣ್ಣ. ಇದು ಬರಿಯ ಕಚೇರಿ ಶಿಸ್ತಲ್ಲ. ಹಳೆಯ ನಾಲೆಯ ಅಚ್ಚುಕಟ್ಟನ್ನು 1910ರ ವೇಳೆಗಿದ್ದ ವಿಸ್ತೀರ್ಣದ ಮೂರನೆಯ ಒಂದಂಶದಷ್ಟು ಮಾತ್ರ ಹೆಚ್ಚಿಸಲು ಅವಕಾಶವಿದ್ದುದರಿಂದ, ನಕ್ಷೆಗೆ ಸೇರದ ಗದ್ದೆ ಆ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ನಕ್ಷೆ ಒಮ್ಮೆ ಒಪ್ಪಿಸುವಂಥದು ಮತ್ತು ಮೈಸೂರಿನ ಹೊಣೆ. ಹೊಸದಾಗಿ ನೀರಾವರಿಗೆ ಬಂದ ಭೂಮಿಯ ವಾರ್ಷಿಕ ತಃಖ್ತೆಯೂ ಮುಖ್ಯ ನಾಲೆಗಳ ತಲೆಯಲ್ಲಿನ ಹರಿವಿನ ಮಾಸಿಕ ಸರಾಸರಿಯೂ ಎರಡೂ ಕಡೆಯವರ ಹೊಣೆ. ಇವುಗಳಿಗೆ ವಾಯಿದೆಯ ದಿನಾಂಕವಿಲ್ಲ. ಅವಧಿ ಮುಗಿದ ಮೇಲೆ ಅನುಕೂಲವಾದಷ್ಟು ಬೇಗ ಕಳುಹಿಸಿದರಾಯಿತು. ಅನುಕೂಲ ಯಾರದೆಂಬುದನ್ನು ಒಪ್ಪಂದ ಹೇಳುವುದಿಲ್ಲ.

2018ರಲ್ಲಿ ರಚನೆಯಾದ ಕಾವೇರಿ ನೀರು ನಿಯಂತ್ರಣ ಸಮಿತಿಯಾದರೋ ಕೃಷ್ಣರಾಜಸಾಗರ, ಹೇಮಾವತಿ, ಮೆಟ್ಟೂರು ಮೊದಲಾದ ಜಲಾಶಯಗಳ ಮಟ್ಟ, ಒಳಹರಿವು, ಸಂಗ್ರಹಗಳನ್ನು ಪ್ರತಿದಿನವೂ ದಾಖಲಿಸಿಕೊಳ್ಳಬೇಕಾಗಿದೆ.